ಕೆಳಗಿನ ಚಿಲಕ

ಟೇಲರಮ್ಮನ ತಮ್ಮ ಟ್ರಯಲ್ ರೂಮಿನ ಬಾಗಿಲನ್ನು ಭುಜದಿಂದ ನೂಕಿದ. ಅದು ಅಲುಗದಿದ್ದಾಗ ಹಿಂದೆ ಸರಿದು ಕುತ್ತಿಗೆಯ ಬೆವರು ಒರೆಸಿಕೊಂಡ. ಅವನ ಹಿಂದೆ, ಅಂಗಡಿಯ ನಡುವೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಅಕ್ಕನ ಹೆಣವಿತ್ತು. ಬದುಕಿಡೀ ಆ ಮೇಜಿನ ಪಕ್ಕ ನಿಂತೇ ಕಳೆದವಳು ಇವತ್ತು ಅದರ ಮೇಲೆ ಮಲಗಿದ್ದಳು. ಹೊರಗೆ ವ್ಯಾನಿನ ಡ್ರೈವರು ಆಗಲೇ ಎರಡು ಸಲ ಹಾರ್ನ್ ಹೊಡೆದಿದ್ದ.

"ಮಗು ಒಳಗಿಂದ ಚಿಲಕ ಹಾಕ್ಕೊಂಡಿದೆ. ಕೂಗಿದ್ರೆ ಉಸಿರೇ ಎತ್ತಲ್ಲ," ಎಂದ.

ಮಗು ಸೆಕ್ರೆಟರಿಯ ಮೊಮ್ಮಗಳು, ಎರಡನೇ ಕ್ಲಾಸು. ಸೆಕ್ರೆಟರಿ ಎಂದರೆ ಬೀದಿಯ ಸಂಘದ ಕಾರ್ಯದರ್ಶಿ. ಬೀದಿಯೆಲ್ಲ ಅವರು, ಇವರು ಎಂದು ಬಹುವಚನದಲ್ಲಿ ಮಾತಾಡುತ್ತದೆ. ಈ ಕತೆಗೆ ಅವನು ಎಂದರೆ ಸಾಕು. ಹುಟ್ಟುವುದು ಸಾಯುವುದು ಅವನ ಕೈಲಿಲ್ಲದಿದ್ದರೂ ಆಮೇಲಿನದ್ದೆಲ್ಲ ಅವನ ಕೈಲೇ ಇತ್ತು. ಕುರ್ಚಿ, ಹೂವು, ವ್ಯಾನು, ಎಲ್ಲ ಅವನ ಏರ್ಪಾಟು. ಬೆಳಿಗ್ಗೆ ಇನ್ನೊಂದು ಉಪಕಾರವನ್ನೂ ಸಾರಿದ್ದ: ತನಗೆ ಮಂಡಿನೋವು, ಮಣ್ಣು ಮಾಡುವಲ್ಲಿಗೆ ಬರಲಾಗದು, ಹೆಂಗಸರೂ ಧಾರಾಳವಾಗಿ ಹೋಗಿ ಬರಲಿ, ಮಕ್ಕಳನ್ನೆಲ್ಲ ತನ್ನ ಮನೆಯಲ್ಲಿ ತಾನು ನೋಡಿಕೊಳ್ಳುತ್ತೇನೆ. ಎಂಥಾ ದೊಡ್ಡ ಮನಸ್ಸು ಎಂದು ನಾಲ್ಕು ಜನ ತಲೆದೂಗಿದರು. ಮಗು ಕಾಣೆಯಾದದ್ದು ಆ ಮಾತು ಕೇಳಿದ ಮೇಲೆಯೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಒಬ್ಬಳೇ.

ಅವಳು ಆಸ್ಪತ್ರೆಯ ನರ್ಸು. ಬೀದಿಯ ಮೂಲೆಮನೆಯಲ್ಲಿ ಬೆಳೆದು, ಕೆಲಸ ಸಿಕ್ಕಿದ ವರ್ಷವೇ ಇಲ್ಲಿಂದ ಕಾಲು ಕಿತ್ತವಳು. ರಾತ್ರಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು. ಅವಳು ನೆಲಕ್ಕೆ ಬಗ್ಗಿ ಬಾಗಿಲ ಕೆಳಗಿನ ಸಂದಿಯಲ್ಲಿ ನೋಡಿದಳು. ಒಳಗೆ ಎರಡು ಪುಟ್ಟ ಪಾದಗಳು, ಬೆರಳುಗಳು ಗೋಡೆಯ ಕಡೆಗೆ.

ಆ ಬಾಗಿಲಿಗೆ ಒಳಗಡೆ ಎರಡು ಚಿಲಕ ಎಂದು ಅವಳಿಗೆ ಗೊತ್ತಿತ್ತು. ಒಂದು ದೊಡ್ಡವರ ಕೈಗೆ ಸಿಗುವಲ್ಲಿ. ಇನ್ನೊಂದು ಕೆಳಗೆ, ಮಗುವಿನ ಎದೆಮಟ್ಟಕ್ಕೆ.

*

ನರ್ಸಿಗೆ ಎಂಟು ವರ್ಷವಿದ್ದಾಗ ಇದ್ದದ್ದು ಮೇಲಿನ ಚಿಲಕ ಮಾತ್ರ. ಸೆಕ್ರೆಟರಿಯ ಮನೆಯ ಮುಂದಿನ ಕೋಣೆಯಲ್ಲಿ ಸಂಘದ ವತಿಯಿಂದ ಮಕ್ಕಳಿಗೆ ಸಂಜೆಪಾಠ ನಡೆಯುತ್ತಿತ್ತು. ಪುಕ್ಕಟೆ. ಪಾಠ ಮುಗಿದ ಮೇಲೆ ಒಬ್ಬರನ್ನು ಪುಸ್ತಕ ಜೋಡಿಸಲು ಅವನು ಉಳಿಸಿಕೊಳ್ಳುತ್ತಿದ್ದ. ಆ ವರ್ಷ ಉಳಿಯುತ್ತಿದ್ದವಳು ಅವಳು.

ಒಂದು ಸಂಜೆ ಟೇಲರಮ್ಮ ಸ್ಕೂಲಿನ ಯೂನಿಫಾರ್ಮಿಗೆ ಅವಳ ಅಳತೆ ತೆಗೆಯುತ್ತಿದ್ದಾಗ ಬಾಗಿಲಲ್ಲಿ ಅವನ ದನಿ ಕೇಳಿತು. ಪಾಠಕ್ಕೆ ಹೊತ್ತಾಯಿತೆಂದು ಕರೆಯಲು ಬಂದಿದ್ದ. ಹುಡುಗಿ ಅಳತೆಪಟ್ಟಿಯ ಸಮೇತ ಟ್ರಯಲ್ ರೂಮಿಗೆ ನುಗ್ಗಿ ಚಿಲಕಕ್ಕೆ ಜಿಗಿದಳು. ಜಿಗಿದಳು, ಜಿಗಿದಳು, ಕೈಗೆಟುಕಲಿಲ್ಲ. ಟೇಲರಮ್ಮ ಅದನ್ನು ನೋಡಿ, ಅಳತೆ ನಡೀತಿದೆ, ಇವತ್ತು ತಡವಾಗುತ್ತೆ ಎಂದು ಅವನನ್ನು ಸಾಗಹಾಕಿದಳು.

ಮರುವಾರ ಟೇಲರಮ್ಮ ಸಂಘದ ಸಭೆಗೆ ಹೋಗಿ ಎಲ್ಲರ ಮುಂದೆ ಅವನ ಹೆಸರು ಹಿಡಿದು ಹೇಳಿದಳು. ಸಭೆ ನಕ್ಕಿತು. ಮಕ್ಕಳಿಲ್ಲದವಳಿಗೆ ಕಂಡವರ ಮಕ್ಕಳ ಮೇಲೆ ಕಣ್ಣು ಎಂದರು, ಒಂಟಿ ಹೆಂಗಸಿನ ತಲೆ ಹೀಗೇ ಕೆಡುವುದು ಎಂದರು. ಆ ವರ್ಷ ಸ್ಕೂಲಿನ ಯೂನಿಫಾರ್ಮಿನ ಕೆಲಸ ಬೇರೆಯವರ ಪಾಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ ಕೊಡುವುದು? ಬೀದಿಯವರು ಬೇಲಿಗೇ ಕೊಡಿ ಎಂದರು.

ಟೇಲರಮ್ಮ ಆಮೇಲೆ ಆ ಮಾತೆತ್ತಲಿಲ್ಲ. ಬಡಗಿಯನ್ನು ಕರೆಸಿ ಕೆಳಗೊಂದು ಚಿಲಕ ಹಾಕಿಸಿದಳು. ಹೊಲಿಗೆ ಮಿಷನ್ನನ್ನು ಕಿಟಕಿಯ ಬೆಳಕಿನಿಂದ ಎಳೆದು ತಂದು ಆ ಬಾಗಿಲ ಪಕ್ಕಕ್ಕೇ ಇಟ್ಟಳು. ಕಣ್ಣು ಹಾಳುಮಾಡ್ಕೋತೀಯ ಎಂದು ಎಲ್ಲರೂ ಬೈದರು. ಹುಡುಗಿಗೆ ಮಾತ್ರ ಅವಳು ಹೇಳಿದ್ದು: "ಮಿಷನ್ನಿನ ಸದ್ದು ಬರ್ತಿರೋ ತನಕ ನಾನು ಇಲ್ಲೇ ಇದೀನಿ ಅಂತ. ನನ್ನ ದಾಟಿ ಯಾರೂ ಬರಲ್ಲ."

ಸಭೆಯಿಂದ ಆಗದ್ದನ್ನು ಒಂದು ಚಿಲಕದಿಂದ ಮಾಡಿದಳು. ಆದದ್ದೂ ಅಷ್ಟೇ, ಒಂದು ಬಾಗಿಲಿನಷ್ಟು. ಅದರಾಚೆ ಅವನು ಸಂಘ ನಡೆಸುತ್ತ, ಶಾಲು ಹೊದಿಸಿಕೊಳ್ಳುತ್ತ ಇದ್ದ.

*

ಬಡಗಿಗೆ ಹೇಳಿಕಳಿಸಿಯಾಗಿತ್ತು. ನರ್ಸು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎದುರಿನ ಶೆಲ್ಫಿನಲ್ಲಿ ಗುಂಡಿ ಹಾಕಲು ಬಂದ ಮಕ್ಕಳ ಬಟ್ಟೆಗಳ ರಾಶಿ ಇತ್ತು. ಕೈಗೆ ಏನಾದರೂ ಕೆಲಸ ಬೇಕೆಂದು ಮೇಲಿನ ಫ್ರಾಕನ್ನು ತೆಗೆದು ಮಡಿಸತೊಡಗಿದಳು. ಗುಂಡಿಯಿದ್ದ ಜಾಗದಲ್ಲಿ ದಾರ ಸವೆದಿರಲಿಲ್ಲ, ಬಟ್ಟೆ ಹರಿದಿರಲಿಲ್ಲ. ದಾರದ ತುದಿಗಳು ನೀಟಾಗಿ ನಿಂತಿದ್ದವು. ಕೆಳಗಿನ ಅಂಗಿ ನೋಡಿದಳು, ಅದೂ ಹಾಗೇ. ಅದರ ಕೆಳಗಿನ ಫ್ರಾಕೂ.

ಅವಳ ಕೈ ನಿಂತುಹೋಯಿತು.

*

ಅವಳ ಫ್ರಾಕಿನ ಗುಂಡಿಗಳೂ ಆ ವರ್ಷ ನಿಲ್ಲುತ್ತಲೇ ಇರಲಿಲ್ಲ. ಸಂಜೆಪಾಠದ ಹೊತ್ತಿಗೆ ಸರಿಯಾಗಿ ಅಮ್ಮ ಫ್ರಾಕನ್ನು ಕೈಗೆ ತುರುಕಿ ಗದರುತ್ತಿದ್ದಳು: "ಎಷ್ಟು ಸಲ ಕಿತ್ಕೊಂಡು ಬರ್ತೀಯೆ? ಹೋಗು, ಟೇಲರಮ್ಮನ ಹತ್ರ ಹಾಕಿಸ್ಕೊಂಡು ಬಾ. ನಿಧಾನಕ್ಕೆ ಬಾ." ತಾನು ಒರಟು ಹುಡುಗಿ, ಯಾವುದನ್ನೂ ನೆಟ್ಟಗೆ ಇಟ್ಟುಕೊಳ್ಳಲು ಬಾರದವಳು ಎಂದು ಅವಳು ನಂಬಿಯೇ ಬೆಳೆದಳು.

ಅಮ್ಮನಿಗೆ ಗೊತ್ತಿತ್ತು. ಕೇಳೋಣವೆಂದರೆ ಅಮ್ಮ ಈಗ ಇಲ್ಲ.

*

ಸೆಕ್ರೆಟರಿಯ ಸೊಸೆ, ಒಳಗಿರುವ ಮಗುವಿನ ತಾಯಿ, ಪರ್ಸನ್ನು ಎದೆಗೆ ಒತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ನರ್ಸು ಫ್ರಾಕನ್ನು ಅವಳ ಮುಂದೆ ಹಿಡಿದಳು.

"ಇದು ಮಗೂದಾ?"

"ಹೂಂ ಅಕ್ಕಾ."

"ಇದು ಬಿದ್ದ ಗುಂಡಿ ಅಲ್ಲ. ಕತ್ತರಿಸಿದ್ದು."

ಸೊಸೆ ಗಂಡ ಎಲ್ಲಿದ್ದಾನೆಂದು ನೋಡಿದಳು. ಅವನು ಹೊರಗೆ ಹೂವಿನವನ ಜೊತೆ ಚೌಕಾಸಿ ಮಾಡುತ್ತಿದ್ದ. ಆಮೇಲೆ, ತುಟಿ ಅಲುಗಿಸದ ಹಾಗೆ, ಹೇಳಿದಳು. "ಇವರಿಗೆ ಹೇಳಿದೆ. ನಮ್ಮಪ್ಪನ ಮೇಲೆ ಹೇಳ್ತೀಯಾ ಅಂತ ಕೈ ಎತ್ತಿದ್ರು. ಆಮೇಲೆ ಇಲ್ಲಿಗೆ ಕಳಿಸೋಕೆ ಶುರು ಮಾಡ್ದೆ. ಟೇಲರಮ್ಮ ಏನೂ ಕೇಳ್ತಿರ್ಲಿಲ್ಲ. ಒಂದು ಗುಂಡಿ ಹಾಕೋಕೆ ಕತ್ತಲಾಗೋ ತನಕ ಮಾಡೋರು. ಕೆಳಗಿನ ಚಿಲಕಾನ ಮಗೂಗೆ ತೋರಿಸ್ಕೊಟ್ಟೋಳು ನಾನೇ." ಬಾಗಿಲ ಕಡೆ ನೋಡಿ ಕೇಳಿದಳು: "ಇನ್ನು ಯಾರ ಮನೆಗೆ ಕಳಿಸ್ಲಿ?"

ನರ್ಸಿಗೆ ಸಿಟ್ಟು ಉಕ್ಕಿತು. ಯಾರ ಮೇಲೆ ಎಂದು ತಿಳಿಯಲಿಲ್ಲ. ರಾಶಿಯಲ್ಲಿದ್ದ ಬಟ್ಟೆಗಳು ಒಂದೇ ಮನೆಯವಲ್ಲ. ಸುತ್ತ ಕೂತು ಮೂಗೊರೆಸಿಕೊಳ್ಳುತ್ತಿದ್ದ ಹೆಂಗಸರಲ್ಲಿ ಇನ್ನೂ ಕೆಲವರು ಮನೆಯಲ್ಲಿ ಸದ್ದಿಲ್ಲದೆ ಗುಂಡಿ ಕತ್ತರಿಸಿದವರು, ತನಗೊಬ್ಬಳಿಗೇ ಗೊತ್ತು ಎಂದುಕೊಂಡವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೀಗೆ ಎಲ್ಲರೂ ಸೇರಿ ತಮ್ಮ ಮಕ್ಕಳನ್ನು ಕಾಯುವ ಕೆಲಸವನ್ನು ಮಕ್ಕಳಿಲ್ಲದ ಮುದುಕಿಯ ತಲೆಗೆ ಕಟ್ಟಿದ್ದರು.

ಬಡಗಿ ಬಾಗಿಲು ಮೀಟುವ ಸಬ್ಬಲ್ ಹಿಡಿದು ಬಂದ. ಸೆಕ್ರೆಟರಿ ಗುಂಪನ್ನು ಸರಿಸಿಕೊಂಡು ಮುಂದೆ ಬಂದ.

"ಒಡೆದುಬಿಡಪ್ಪ. ಹೆಣ ನೋಡಿ ಹೆದರಿದೆ ಕೂಸು. ನಾನು ಮನೆಗೆ ಕರ್ಕೊಂಡು ಹೋಗಿ ಮಲಗಿಸ್ತೀನಿ."

ಬಾಗಿಲ ಹಿಂದೆ ಏನೋ ಉರುಳಿದ ಸದ್ದಾಯಿತು. ನರ್ಸು ಜಾಗ ಬಿಡಲಿಲ್ಲ.

"ಅದು ಹೆಣಕ್ಕೆ ಹೆದರಿಲ್ಲ. ನಿಮಗೆ ಹೆದರಿದೆ," ಎಂದಳು. ದನಿ ಏರಿರಲಿಲ್ಲ. ವಾರ್ಡಿನಲ್ಲಿ ಮಾತಾಡುವ ದನಿ ಅದು. "ನಾನೂ ನಿಮಗೆ ಹೆದರಿ ಇದೇ ಚಿಲಕ ಹಾಕ್ಕೊಂಡೋಳು. ನಂಗಾಗ ಎಂಟು ವರ್ಷ. ಈ ಮಗೂನ ನಿಮ್ಮ ಜೊತೆ ಕಳಿಸಲ್ಲ."

ಸೆಕ್ರೆಟರಿ ಸುತ್ತ ನೋಡಿ, ನಿಧಾನಕ್ಕೆ, ಮರುಕದಿಂದ ನಕ್ಕ.

"ಪಾಪ, ರಾತ್ರಿಯೆಲ್ಲ ಡ್ಯೂಟಿ. ನಿದ್ದೆಯಿಲ್ಲ."

ಬೀದಿಗೆ ಅಷ್ಟು ಸಾಕಾಯಿತು. ಹೌದು, ನಿದ್ದೆಯಿಲ್ಲ, ದುಃಖ ಬೇರೆ ಎಂದು ಯಾರೋ ಅಂದರು. ಹೊತ್ತಾಯಿತು ಎಂದು ಇನ್ಯಾರೋ ಅಂದರು. ಹೆಂಗಸರು ತಲೆ ಎತ್ತಲಿಲ್ಲ. ಬಡಗಿ ಕೆಳಗೆ ನೋಡುತ್ತ ಸಬ್ಬಲನ್ನು ಗೋಡೆಗೆ ಒರಗಿಸಿದ. ಆ ಚಿಲಕ ಹಾಕಿದವನು ಅವನೇ. ಅಷ್ಟು ಕೆಳಗೆ ಯಾಕೆಂದು ಅವನು ಕೇಳಿರಲಿಲ್ಲ.

ಟೇಲರಮ್ಮನ ತಮ್ಮ ಗೋಗರೆದ. "ಹೆಣ ಇಟ್ಕೊಂಡು ಇವೆಲ್ಲ ಬೇಕೇನಮ್ಮಾ?"

"ನಿಮ್ಮಕ್ಕ ಬದುಕಿದ್ದಾಗ ಹೇಳಿದ್ರಲ್ಲ," ಎಂದಳು ನರ್ಸು. "ಆಗ ಕೇಳಿದ್ರಾ?"

ಅವನು ಅಕ್ಕನ ತಲೆಯ ಕಡೆಗೆ ಹೋಗಿ ಹೆಣ ಎತ್ತಲು ಬಗ್ಗಿದ. ಗಂಡಸರೆಲ್ಲ ಒಮ್ಮೆಲೇ ಕೆಲಸಕ್ಕೆ ಕೈಹಚ್ಚಿದರು. ಇಷ್ಟು ಚುರುಕಾಗಿ ಆ ಬೀದಿಯಲ್ಲಿ ಯಾವ ಹೆಣವೂ ಎದ್ದಿರಲಿಲ್ಲ. ಸೆಕ್ರೆಟರಿಯ ಮಂಡಿನೋವೂ ವಾಸಿಯಾಗಿತ್ತು. ಅವನು ಎಲ್ಲರಿಗಿಂತ ಮುಂದೆ ನಡೆದ. ಡ್ರೈವರನ ಪಕ್ಕದ ಸೀಟನ್ನು ಅವನಿಗೆ ಬಿಟ್ಟುಕೊಟ್ಟರು.

ಅಂಗಡಿ ಖಾಲಿಯಾದ ಮೇಲೆ ನರ್ಸು ಸೊಸೆಗೆ ಹೇಳಿದಳು: ಇವರು ವಾಪಸ್ ಬರುವ ಮೊದಲೇ ಪೊಲೀಸ್ ಸ್ಟೇಷನ್ನಿಗೆ ಹೋಗೋಣ, ತಾನೂ ಬಂದು ತನ್ನ ದೂರನ್ನೂ ಬರೆಸುತ್ತೇನೆ, ತಮ್ಮ ಆಸ್ಪತ್ರೆಯಲ್ಲಿ ಇಂಥ ಮಕ್ಕಳ ಜೊತೆ ಮಾತಾಡುವ ಡಾಕ್ಟರಮ್ಮ ಇದ್ದಾರೆ, ಮಗುವಿಗೆ ಗದರುವುದಿಲ್ಲ, ಅವಸರ ಮಾಡುವುದಿಲ್ಲ, ರಾತ್ರಿ ತನ್ನ ಮನೆಯಲ್ಲೇ ಇರಬಹುದು. ಸೊಸೆ ಪರ್ಸು ತೆರೆದು ಒಂದು ಪುಟ್ಟ ಕತ್ತರಿ ತೆಗೆದು ಮಿಷನ್ನಿನ ಹಲಗೆಯ ಮೇಲಿಟ್ಟು, ಗೋಡೆಗೊರಗಿ ಕುಸಿದು ಕೂತಳು.

ನರ್ಸು ಬಾಗಿಲಿಗೆ ಕಿವಿಯಿಟ್ಟು ಮಗುವನ್ನು ಮೆಲ್ಲಗೆ ಕರೆದಳು. ಚಿಲಕ ಅಲುಗಲಿಲ್ಲ. ಮತ್ತೆ ಕರೆಯಲು ಹೋಗದೆ ಸ್ಟೂಲು ಎಳೆದುಕೊಂಡು ಮಿಷನ್ನಿನ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟಳು.

ಬೀದಿಯಲ್ಲಿ ಟೇಲರಮ್ಮನನ್ನು ವ್ಯಾನಿಗೆ ಏರಿಸುತ್ತಿದ್ದವರು ಸದ್ದು ಕೇಳಿ ಬೆಚ್ಚಿ ನಿಂತರು. ಹೆಣ ಹೊಸಿಲು ದಾಟಿ ಗಳಿಗೆಯಾಗಿಲ್ಲ, ಮಿಷನ್ನು ತುಳೀತಿದಾಳೆ, ಮರ್ಯಾದೆ ಗೊತ್ತಿಲ್ಲದವಳು ಎಂದು ಯಾರೋ ಉಗಿದದ್ದು ಒಳಗೂ ಕೇಳಿಸಿತು. ಅವಳು ತುಳಿಯುತ್ತಲೇ ಇದ್ದಳು. ಸೂಜಿಯಲ್ಲಿ ದಾರವಿರಲಿಲ್ಲ, ಕೆಳಗೆ ಬಟ್ಟೆಯಿರಲಿಲ್ಲ.

ಬಾಗಿಲ ಕೆಳಗಿನ ಸಂದಿಯಲ್ಲಿ, ಗೋಡೆಯ ಕಡೆಗಿದ್ದ ಎರಡು ಪಾದಗಳು ನಿಧಾನಕ್ಕೆ ಇತ್ತ ತಿರುಗಿದವು. ಚಿಲಕ ಮಾತ್ರ ತೆಗೆಯಲಿಲ್ಲ.