ದೊಡ್ಡ ಚೂರು ಕೊಟ್ಟ ಐಡಾ

ಡೂಲನ್ ನಾಟಕದ ರಂಗದ ಮೇಲೆ ಬಿದ್ದು ಬಿದ್ದೇ ಹೆಸರು ಮಾಡಿದವನು. ಏಣಿಯಿಂದ ಬೀಳಲಿ, ಕುರ್ಚಿಯಿಂದ ಉರುಳಲಿ, ಚಿಕಾಗೋ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಲಾಸ್ ಏಂಜಲೀಸಿನ ಬಿಸಿಲಲ್ಲಿ, ಮಕ್ಕಳೇ ತುಂಬಿದ ಒಂದು ಪುಟ್ಟ ಮೂಕಿ ಹಾಸ್ಯಚಿತ್ರದಲ್ಲಿ ಅವನಿಗೆ ಪೊಲೀಸನ ವೇಷ. ಮಕ್ಕಳು ಕಿಟಕಿಯಲ್ಲಿ ಆರಲಿಟ್ಟ ಸೇಬಿನ ಪೈ ಎಂಬ ಸಿಹಿತಿಂಡಿ ಕದ್ದು ಓಡಬೇಕು; ಅವನು ಬೆನ್ನಟ್ಟಿ ಸೋಪಿನ ನೊರೆಯಲ್ಲಿ ಜಾರಬೇಕು.

“ಈ ಚಿಳ್ಳೆಗಳಿಗೆ ನಟನೆ ಅಂದ್ರೆ ಏನ್ ಗೊತ್ರೀ? ನಾಯಿ ಅಟ್ಟಿಸ್ಕೊಂಡ್ ಬಂದ್ರೂ ಹೀಗೇ ಓಡ್ತಾವೆ,” ಎಂದು ಡೂಲನ್ ನಿರ್ದೇಶಕ ಕ್ರಿಲಿಯ ಹತ್ತಿರ ಗೊಣಗಿದ.

“ನೀವು ಬೀಳಿ ಸಾಕು. ಮಿಕ್ಕಿದ್ದು ಅವ್ರು ನೋಡ್ಕೋತಾರೆ.”

ಕ್ಯಾಮೆರಾ ತಿರುಗತೊಡಗಿತು. ಮಕ್ಕಳು ಓಡಿದರು. ಡೂಲನ್ ಬೆನ್ನಟ್ಟಿದ. ಆದರೆ ಗೊತ್ತುಮಾಡಿದ್ದ ಜಾಗಕ್ಕಿಂತ ಮೊದಲೇ ನೊರೆಯಲ್ಲಿ ಬೂಟು ಜಾರಿ, ಮಂಡಿ ತಿರುಚಿಕೊಂಡು ದೊಪ್ಪನೆ ಬಿದ್ದ. ಕಣ್ಣಲ್ಲಿ ನೀರು ಬಂತು.

ಎಲ್ಲರಿಗಿಂತ ಹಿಂದಿದ್ದವಳು ಐಡಾ, ಅಣ್ಣನ ಚಡ್ಡಿ ಹಾಕಿದ್ದ ಆರು ವರ್ಷದ ಪೋರಿ. ಅವಳು ತಿರುಗಿ ನೋಡಿದಳು.

“ಓಡೇ, ಓಡೇ!” ಎಂದು ಕ್ರಿಲಿ ಕೂಗಿದ.

ಅವಳು ಓಡಲಿಲ್ಲ. ನಡೆದು ಬಂದು ಡೂಲನ್ ಮುಖದ ನೊರೆಯನ್ನು ತೋಳಿಂದ ಒರೆಸಿದಳು. ಕೈಯಲ್ಲಿದ್ದ ಪೈ ನೋಡಿದಳು, ಅವನನ್ನು ನೋಡಿದಳು, ಮತ್ತೆ ಪೈ ನೋಡಿದಳು. ಮುರಿದು ಚಿಕ್ಕ ಚೂರನ್ನು ಚಾಚಿದಳು. ಒಂದು ಕ್ಷಣ ಯೋಚಿಸಿ ಅದನ್ನು ಹಿಂದಕ್ಕೆಳೆದುಕೊಂಡು, ದೊಡ್ಡದನ್ನು ಅವನ ಬಾಯಿಗಿಟ್ಟಳು. ಆಮೇಲೆ ಅವನ ಟೋಪಿ ತನ್ನ ತಲೆಗೇರಿಸಿಕೊಂಡು ಒಂದೇ ಓಟ.

ಕ್ಯಾಮೆರಾದವನ ಹೆಗಲು ನಗುವಿನಿಂದ ಕುಲುಕುತ್ತಿದ್ದರೂ ಹಿಡಿ ತಿರುಗಿಸುವ ಕೈ ಮಾತ್ರ ನಿಲ್ಲಲಿಲ್ಲ.

ಮಂಡಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಡೂಲನ್‌ಗೆ ಅವಳು ಟೋಪಿ ತಂದುಕೊಟ್ಟಳು.

“ಅದನ್ನೆಲ್ಲ ಯಾರು ಹೇಳ್ಕೊಟ್ರೇ ನಿಂಗೆ?”

“ಯಾರೂ ಇಲ್ಲ. ನೀವು ನಿಜವಾಗ್ಲೂ ಬಿದ್ರಲ್ಲ, ಮಿಸ್ಟರ್ ಡೂಲನ್.”

“ನಿಜ ಅಂತ ಹೇಗ್ ಗೊತ್ತಾಯ್ತು?”

“ಸುಮ್‌ಸುಮ್ನೆ ಬೀಳೋವಾಗ ಎಲ್ಲಿ ಬೀಳೋದು ಅಂತ ಮೊದ್ಲೇ ನೋಡ್ಕೋತೀರ. ಇವತ್ತು ನೋಡ್ಲಿಲ್ಲ.”

ಇಷ್ಟು ವರ್ಷ ಯಾವ ನಾಟಕ ಕಂಪನಿಯ ಯಜಮಾನನೂ ಕಂಡುಹಿಡಿಯದ ಹುಳುಕು! ಡೂಲನ್ ನೋವನ್ನೂ ಮರೆತು ಗಹಗಹಿಸಿ ನಕ್ಕ.

“ಮತ್ತೆ ದೊಡ್ಡ ಚೂರು ಯಾಕ್ ಕೊಟ್ಟೆ?”

“ಅಳ್ತಿದ್ರಲ್ಲ!”

ಚಿತ್ರ ಬಿಡುಗಡೆಯಾದ ದಿನ ಡೂಲನ್ ಕೋಲೂರಿಕೊಂಡು ಚಿತ್ರಮಂದಿರಕ್ಕೆ ಹೋದ. ಅವನು ಬಿದ್ದಾಗ ಜನ ನಕ್ಕರು. ಐಡಾ ತಿರುಗಿ ಬಂದಾಗ ಸುಮ್ಮನಾದರು. ತೆರೆಯ ಪಕ್ಕ ಕೂತು ಚಿತ್ರಕ್ಕೆ ಪಿಯಾನೋ ನುಡಿಸುತ್ತಿದ್ದವಳೂ ಕೈ ತಡೆದಳು. ಚಿಕ್ಕ ಚೂರು ಹಿಂದೆ ಸರಿದಾಗ ಮಾತ್ರ ಚಾವಣಿ ಹಾರುವಂತೆ ನಗೆ ಎದ್ದಿತು. ಡೂಲನ್ ಪಕ್ಕದವನನ್ನು ತಿವಿದ: “ಆ ಒಂದು ಕ್ಷಣ ಕಾದ್ಲು ನೋಡಿದ್ರಾ? ಅದನ್ನ ಕಲಿಯೋಕೆ ನಾವು ತಲೆಗೂದ್ಲು ಉದುರಿಸ್ಕೋತೀವಿ!”

ಮಂಡಿ ವಾಸಿಯಾದ ಮೇಲೆ ಕ್ರಿಲಿಯ ಬಳಿ ಹೋಗಿ, ಐಡಾ ಇರುವ ಮುಂದಿನ ಚಿತ್ರದಲ್ಲಿ ತನಗೊಂದು ಪಾತ್ರ ಕೇಳಿದ.

“ಹಾಲಿನವನ ಪಾತ್ರ ಇದೆ. ನಿಮ್ಮಂಥೋರಿಗೆ ತೀರಾ ಚಿಕ್ಕದು.”

“ಇರ್ಲಿ ಬಿಡ್ರೀ,” ಎಂದ ಡೂಲನ್. “ಅವಳ ನಟನೇನ ಹತ್ತಿರದಿಂದ ನೋಡೋಕೆ ಸಿಗತ್ತಲ್ಲ.”