ಗೇರ್‌ಬಾಕ್ಸಿಗೆ ಮಗ್ಗದ ಎಣ್ಣೆ

ನನಗೆ ಸಿಟ್ಟು ಬೇಗ ಬರುತ್ತದೆ. ತಪ್ಪು ನನ್ನದೇ ಆಗಿದ್ದರೆ ಇನ್ನೂ ಬೇಗ. ಆ ಬೆಳಿಗ್ಗೆ ಅಮಸಿದ್ದಪ್ಪ ಕಾಕಾನ ಗ್ಯಾರೇಜಿಗೆ ಹೋದದ್ದು ಅಂಥ ಸಿಟ್ಟಿನಲ್ಲೇ.

ನಾನು ಬನಹಟ್ಟಿಯ ನೇಕಾರ. ಮನೆಯಲ್ಲಿ ನಾಲ್ಕು ಪವರ್‌ಲೂಮ್, ಸೀರೆ ಸಾಗಿಸಲು ಇಪ್ಪತ್ತು ವರ್ಷದ ಹಳೆಯ ಟೆಂಪೊ. ಮಳೆಗಾಲದ ಹೊತ್ತಿಗೆ ಅದರ ಗೇರ್‌ಬಾಕ್ಸು ಗೊಂಯ್ ಎನ್ನತೊಡಗಿತ್ತು. ದೀಪಾವಳಿಗೆ ಮುಂಚೆ ಕಾಕಾ ಎಣ್ಣೆ ಬದಲಿಸಿಕೊಟ್ಟರು. ಸದ್ದು ಕಡಿಮೆಯಾಯಿತು, ಪೂರಾ ಹೋಗಲಿಲ್ಲ. ನನಗೆ ಪೂರಾ ಹೋಗಬೇಕಿತ್ತು. ಮಗ್ಗದ ಗೇರು ಸದ್ದು ಮಾಡಿದರೆ ನಾವು ದಪ್ಪ ಎಣ್ಣೆ ಹಾಕುತ್ತೇವೆ. ಸದ್ದು ನಿಂತರೆ ರಿಪೇರಿ ಆಯಿತೆಂದೇ ಲೆಕ್ಕ. ಹಾಗೆಂದು ಒಂದು ರಜೆಯ ದಿನ ಟೆಂಪೊ ಕೆಳಗೆ ತೂರಿ, ಕಾಕಾ ಹಾಕಿದ್ದನ್ನು ಇಳಿಸಿ, ಮಗ್ಗದ ಶೆಡ್ಡಿನಲ್ಲಿದ್ದ ನೂರಾ ನಲವತ್ತು ನಂಬರಿನ ಎಣ್ಣೆ ತುಂಬಿದೆ. "ಒಂದ ಮಾತ ಕಾಕಾನ್ನ ಕೇಳಿ ಹಾಕ್ರಿ" ಎಂದಳು ಹೆಂಡತಿ ಪೂರ್ಣಿಮಾ. ಕೇಳುವವರ ಪೈಕಿ ನಾನಲ್ಲ.

ಎಂಟು ದಿನ ಗಾಡಿ ಸದ್ದಿಲ್ಲದೆ ಓಡಿತು. ಆಮೇಲೆ ಚಳಿ ಬಿತ್ತು. ಮುಂಜಾನೆ ಎರಡನೇ ಗೇರು ಹಾಕಿದರೆ ಕರಕರ ಹಲ್ಲು ಕಡಿಯುತ್ತಿತ್ತು. ಪಕ್ಕದ ಊರು ಚಿಮ್ಮಡ ಮುಟ್ಟುವಷ್ಟರಲ್ಲಿ ನನ್ನ ಕೈ ಸೋತುಹೋಗುತ್ತಿತ್ತು.

ಗ್ಯಾರೇಜಿನಲ್ಲಿ ಮೂವರು ಡ್ರೈವರುಗಳು ಚಹಾ ಕುಡಿಯುತ್ತ ಕುಳಿತಿದ್ದರು. ನಾನು ಅವರಿಗೂ ಕೇಳುವಂತೆ ಹೇಳಿದೆ: "ಕಾಕಾ, ನೀವು ಹಾಕಿದ ಎಣ್ಣೀನ ನನ್ನ ಗೇರ್‌ಬಾಕ್ಸ್ ತಿಂದೈತಿ ನೋಡ್ರಿ."

ಕಾಕಾನ ಗ್ಯಾರೇಜಿಗೆ ಬೋರ್ಡಿಲ್ಲ. ಅಮಸಿದ್ದಪ್ಪ ಕೈ ಹಾಕಿದರೆ ಗಾಡಿ ಕೆಡುವುದಿಲ್ಲ ಎಂಬ ಒಂದು ಮಾತಿದೆ, ಅಷ್ಟೇ. ಬೀಳಗಿಯಿಂದಲೂ ಜನ ಅದನ್ನು ನಂಬಿ ಬರುತ್ತಾರೆ. ನಾನು ಕೈ ಹಾಕಿದ್ದು ಆ ಮಾತಿಗೇ. ಆ ಮೂವರಲ್ಲೊಬ್ಬ, ಹುನ್ನೂರಿನ ಜಕ್ಕಪ್ಪ, ಚಹಾದ ಕಪ್ಪು ಕೆಳಗಿಟ್ಟು, "ಹಂಗಾರ ನನ್ನ ಗಾಡಿ ಬ್ರೇಕ್ ಬ್ಯಾರೆ ಕಡೆ ತೋರಸಬೇಕಾತು" ಎಂದು ಗೊಣಗಿದ. ನಾನು ಟೆಂಪೊದ ಕೀಲಿ ಕಾಕಾನ ಕೈಗಿಟ್ಟೆ.

ಕಾಕಾ ಗೇರ್‌ಬಾಕ್ಸಿನ ಎಣ್ಣೆಯನ್ನು ತಗಡಿನ ಡಬ್ಬಕ್ಕೆ ಇಳಿಸಿದರು. ಅವರ ಕೆಲಸ ನೋಡುವುದೇ ಒಂದು ಸುಖ. ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿದರು, ಮೂಸಿದರು, ಬಿಳಿ ಅರಿವೆಯ ಮೇಲೆ ಸವರಿ ಬಿಸಿಲಿಗೆ ಹಿಡಿದರು. ಹಿತ್ತಾಳೆಯ ಸಣ್ಣ ಪುಡಿ ಮಿನುಗಿತು. ಪಕ್ಕದಲ್ಲೇ ಒಂದು ಹಸಿರು ನೂಲಿನ ತುಣುಕು. ನಮ್ಮ ಶೆಡ್ಡಿನ ಎಣ್ಣೆಯಲ್ಲಿ ನೂಲು ಬಿದ್ದಿರುವುದು ಹೊಸದಲ್ಲ, ಬೇರೆಲ್ಲಿಯ ಎಣ್ಣೆಯಲ್ಲೂ ಬೀಳುವುದಿಲ್ಲ. ಕಾಕಾ ಅದನ್ನು ನೋಡಿದರು. ನನ್ನನ್ನೂ ನೋಡಿದರು. ಆಮೇಲೆ ಅರಿವೆಯನ್ನು ಮಡಚಿ ಜೇಬಿಗೆ ಸೇರಿಸಿಬಿಟ್ಟರು.

"ನಂಬರ ತಪ್ಪೈತಿ," ಎಂದರು. "ಗೇರ್ ಬೀಳೂವಾಗ ಒಳಗಿನ ಹಿತ್ತಾಳಿ ಬಳೆ ಗಟ್ಟಿ ಹಿಡೀಬೇಕು. ಈ ಎಣ್ಣಿ ಭಾಳ ದಪ್ಪ, ಹಿಡ್ಯಾಕ ಬಿಡೂದಿಲ್ಲ. ಮ್ಯಾಲ ಇದರಾಗ ಬೆರಸಿದ ಔಷಧ ಹಿತ್ತಾಳಿ ತಿಂತೈತಿ. ಇದು ಹಿಂದಿನ ಆಕ್ಸಲ್‌ಗೆ ಹಾಕೂ ಜಿಎಲ್ ಐದು ದರ್ಜಿ ಎಣ್ಣಿ. ಈ ಗಾಡಿಗೆ ತೊಂಬತ್ತು ನಂಬರ, ಜಿಎಲ್ ನಾಕ ಬೇಕು."

"ತಪ್ಪ ಯಾರದು ಮತ್ತ?" ಎಂದ ಜಕ್ಕಪ್ಪ.

"ಗಾಡಿ ನನ್ನ ಕೈಯಾಗಿಂದ ಹೋಗಿದ್ದು. ನಂದ ಅಂತ ತಿಳ್ಕೊ."

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು, ನಾಚಿಕೆ ಉಳಿಯಿತು. ಕಾಕಾ ಹೊಸ ಎಣ್ಣೆ ತುಂಬಿ, ಅದು ತೂತಿನಿಂದ ತುಳುಕಿದ ಮೇಲೆ ಬೋಲ್ಟು ಬಿಗಿದು, ಟೆಂಪೊದಲ್ಲಿ ನನ್ನ ಪಕ್ಕ ಬಂದು ಕುಳಿತರು. ಜಮಖಂಡಿ ರಸ್ತೆಯಲ್ಲಿ ಒಂದು ಸುತ್ತು ಹೋದೆವು. ಎರಡನೇ ಗೇರು ಮೆತ್ತಗೆ ಬಿತ್ತು. ಗೊಂಯ್ ಎನ್ನುವುದು ಮಾತ್ರ ಸಣ್ಣಗೆ ಮರಳಿ ಬಂತು.

"ಅದು ಬೇರಿಂಗ್. ಇನ್ನೂ ಒಂದ ವರ್ಷ ಬರತೈತಿ," ಎಂದರು. "ಸಪ್ಪಳ ಜಾಸ್ತಿ ಆದ್ರ ಬಾ. ಅದರ ಬಾಯಿ ಮುಚ್ಚಬ್ಯಾಡ."

"ಕಾಕಾ, ನಿಮಗ ಗೊತ್ತಾಗೇತಲ್ರಿ. ಯಾಕ ಹೇಳ್ಲಿಲ್ರಿ?"

"ಮೂರ ಮಂದಿ ಮುಂದ ನಿನ್ನ ಮಾರಿ ಕೆಡಸಿ ನಾ ಏನ ಮಾಡ್ಲಿ? ಹೇಳೂದಿದ್ರ ನೀನ ಹೇಳ್ತಿ."

ಇಂಥ ಮನುಷ್ಯನ ಹೆಸರಿಗೆ ನಾನು ಮಸಿ ಬಳಿದಿದ್ದೆ. ವಾಪಸ್ ಬಂದಾಗ ಜಕ್ಕಪ್ಪ ತನ್ನ ಗಾಡಿ ಚಾಲೂ ಮಾಡಿ, ರಿವರ್ಸ್ ತೆಗೆಯುತ್ತಿದ್ದ. ನಾನು ಇಳಿದು ಅವನ ಗಾಡಿಗೆ ಅಡ್ಡ ನಿಂತೆ.

"ತಡಿ ಜಕ್ಕಪ್ಪ. ಎಣ್ಣಿ ನಾ ಹಾಕಿದ್ದು, ಮಗ್ಗದ ಶೆಡ್ಡಿಂದು. ಕಾಕಾ ಹಾಕ್ಯಾರ ಅಂದದ್ದು ಸುಳ್ಳು."

ಮಿಕ್ಕ ಇಬ್ಬರು ನಕ್ಕರು. ನಗಲಿ. ಜಕ್ಕಪ್ಪ ಇಂಜಿನ್ ಬಂದ್ ಮಾಡಿ ಕೆಳಗಿಳಿದ.

"ಕಾಕಾ, ಬ್ರೇಕ್ ಸ್ವಲ್ಪ ನೋಡ್ರಿ ಹಂಗಾರ," ಎಂದ.

ಕಾಕಾ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅವನ ಗಾಡಿ ಕೆಳಗೆ ತೂರಿದರು.