ಉತ್ತರದ ಮೂಲೆಯ ಕಲ್ಲುಗಳು

ಮೊಸರಿನಲ್ಲಿ ಕಲ್ಲು ಹುಡುಕುವವರು ಊರಿಗೊಬ್ಬರಾದರೂ ಇರುತ್ತಾರೆ. ಮೇಯೋ ಸೀಮೆಯ ಕಿಲ್‌ಬ್ರಾನಕ್ ಊರಿಗೆ ಅಟ್ರಾಕ್ಟಾ ಇದ್ದಳು. ಶಾಲೆಯಲ್ಲಿ ಮಕ್ಕಳ ಜೇಬು ತಡಕಿ ತಡಕಿ ಪಳಗಿದ ಕೈ, ನಿವೃತ್ತಿಯಾದ ಮಾತ್ರಕ್ಕೆ ಸುಮ್ಮನೆ ಕೂರುತ್ತದೆಯೇ? ಈಗ ಅವಳು ಊರಾಚೆಯ ಹಳೇ ಇಗರ್ಜಿಯನ್ನು ಉಳಿಸುವ ಸಮಿತಿಗೆ ಯಜಮಾನಿ. ಆ ಇಗರ್ಜಿಯ ಸೂರು ಹೋಗಿ ಶತಮಾನಗಳೇ ಆಗಿದ್ದವು. ಉಳಿದದ್ದು ನಾಲ್ಕು ಗೋಡೆ, ಒಂದು ಕಮಾನು, ಸುತ್ತ ಗೋರಿಗಳು. ಶನಿವಾರ ಬೆಳಗ್ಗೆ ಏಳೆಂಟು ಜನ ಸೇರಿ ಬಳ್ಳಿ ಕತ್ತರಿಸುತ್ತಿದ್ದರು, ಸುಣ್ಣದ ಗಾರೆ ಕಲಸಿ ಬಿರುಕು ಮುಚ್ಚುತ್ತಿದ್ದರು, ಕುಸಿದ ಗೋಡೆಯನ್ನು ಮತ್ತೆ ಕಟ್ಟುತ್ತಿದ್ದರು, ಆಮೇಲೆ ಪಾಗಾರದ ಗೋಡೆಯ ಮೇಲೆ ಕೂತು ಚಹಾ ಕುಡಿದು ಬ್ರೆಡ್ಡು ತಿನ್ನುತ್ತಿದ್ದರು.

ಈಚೆಗೆ ಅಲ್ಲಿ ಕಲ್ಲು ಕಾಣೆಯಾಗುತ್ತಿತ್ತು.

ಗೋಡೆಗೆಂದು ಕಮಾನಿನ ಪಕ್ಕ ಒಟ್ಟಿದ್ದ ರಾಶಿ ಕಟ್ಟಿದ ಲೆಕ್ಕಕ್ಕಿಂತ ಹೆಚ್ಚಾಗಿ ವಾರದಿಂದ ವಾರಕ್ಕೆ ತಗ್ಗುತ್ತಿತ್ತು. ಕೆತ್ತನೆಯ ಕಲ್ಲೇನಲ್ಲ, ಕೈಗೆ ಸಿಕ್ಕುವಂಥ ಕಾಡುಗಲ್ಲು. ಆದರೆ ಪಕ್ಕದೂರಿನ ಇಗರ್ಜಿಯಿಂದ ಸಂತನೊಬ್ಬನ ಕಲ್ಲಿನ ತಲೆ ಮಾಯವಾಗಿ, ಕೊನೆಗೆ ಯಾವುದೋ ಹೋಟೆಲಿನ ತೋಟದಲ್ಲಿ ಸಿಕ್ಕಿತ್ತು. ಇವತ್ತು ಕಾಡುಗಲ್ಲು ಹೋದರೆ ನಾಳೆ ಕಮಾನೇ ಹೋದೀತು ಎಂದು ಅಟ್ರಾಕ್ಟಾಳಿಗೆ ನಿದ್ದೆ ಬರಲಿಲ್ಲ.

ಆ ರಾಶಿಯನ್ನು ಅವಳೇ ಕೂಡಿಸಿದ್ದಳು. ಉತ್ತರದ ಮೂಲೆಯಲ್ಲಿ, ಬೇಲಿಯ ಹತ್ತಿರ, ಹುಲ್ಲಿನೊಳಗೆ ಕಲ್ಲೋ ಕಲ್ಲು. ಹೆಸರಿಲ್ಲ, ಶಿಲುಬೆಯಿಲ್ಲ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡ ಬೇರೆ. ಇಗರ್ಜಿಯಿಂದ ಉದುರಿದ್ದು ಇಗರ್ಜಿಗೇ ಸೇರಲಿ ಎಂದು ವಸಂತದಲ್ಲಿ ಇಡೀ ಮೂಲೆಯನ್ನು ಬಳಿದು ಹೊತ್ತು ತಂದಿದ್ದಳು. ಆವತ್ತು ಸಮಿತಿಯಲ್ಲಿ ಎಲ್ಲರಿಗಿಂತ ಹಿರಿಯನಾದ ಕೋಲ್ಮನ್ ಸೊಂಟನೋವು ಅಂತ ಕಾರಿನಲ್ಲಿ ಹೋಗಿ ಕೂತುಬಿಟ್ಟ. ಮೈಗಳ್ಳ, ಅಂದುಕೊಂಡಳು. ಕಲ್ಲು ಹೋಗತೊಡಗಿದಾಗ ಅವಳ ಮೊದಲ ಅನುಮಾನ ಅವನ ಮೇಲೇ.

"ಕೋಲ್ಮನ್, ರಾಶಿ ಇಳಿದಿದೆ, ನೋಡಿದ್ರಾ?" ಚಹಾದ ಹೊತ್ತಿಗೆ ಕೇಳಿದಳು.

"ಮಳೆಗೆ ಕರಗಿರಬೇಕು ಟೀಚರಮ್ಮ."

"ಕಲ್ಲು ಕರಗುತ್ತಾ?"

"ನಮ್ಮ ಮೇಯೋ ಮಳೆಗೆ ಮನುಷ್ಯರೇ ಕರಗೋಗ್ತಾರೆ, ಕಲ್ಲೇನು ಮಹಾ."

ಎಲ್ಲರೂ ನಕ್ಕರು. ಡೀಲಿಯಾ ಒಬ್ಬಳು ನಗಲಿಲ್ಲ. ಪಕ್ಕದಲ್ಲಿದ್ದ ಬಟ್ಟೆಚೀಲವನ್ನು ಮೆಲ್ಲಗೆ ಕಾಲಿನ ಹಿಂದಕ್ಕೆ ಸರಿಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತಲ್ಲ ಎಂದು ಅಟ್ರಾಕ್ಟಾ ಒಳಗೊಳಗೇ ಹಿಗ್ಗಿದಳು. ಈ ಮುದುಕಿ ಗಂಡನನ್ನು ಕಳೆದುಕೊಂಡದ್ದು ಚಳಿಗಾಲದಲ್ಲಿ. ಬೇಸಗೆ ಬಂದದ್ದೇ, ಹುಟ್ಟಿದಾರಭ್ಯ ಈ ಕಡೆ ತಲೆ ಹಾಕದವಳು ಸಮಿತಿಗೆ ಸೇರಿದ್ದಳು. ಸೇರಿ ಮಾಡುವ ಕೆಲಸವೂ ಅಷ್ಟರಲ್ಲೇ ಇತ್ತು. ಸಾಲದ್ದಕ್ಕೆ ಆಕೆಯ ಅಣ್ಣನ ಮಗ ಪಟ್ಟಣದಲ್ಲಿ ತೋಟಕ್ಕೆ ಹಾಸುವ ಕಲ್ಲು ಮಾರುತ್ತಾನೆ. ಇನ್ನೇನು ಬೇಕು?

ಬುಧವಾರ ಮಧ್ಯಾಹ್ನ ಅಟ್ರಾಕ್ಟಾ ಒಬ್ಬಳೇ ಹೋಗಿ ಕಮಾನಿನ ಹಿಂದೆ ನಿಂತಳು. ಡೀಲಿಯಾ ಬಂದಳು. ರಾಶಿಯಿಂದ ಒಂದು ಕಲ್ಲೆತ್ತಿ ಚೀಲಕ್ಕೆ ಹಾಕಿದಳು, ಇನ್ನೊಂದು ಎತ್ತಿದಳು. ಆದರೆ ಗೇಟಿನ ಕಡೆ ಹೋಗಲಿಲ್ಲ, ಗೋಡೆ ಬಳಸಿ ಹಿಂದಕ್ಕೆ ನಡೆದಳು. ಅಟ್ರಾಕ್ಟಾ ಬೆನ್ನು ಹತ್ತಿದಳು.

"ಸಿಕ್ಕಿಬಿದ್ರಲ್ಲ ಡೀಲಿಯಾ. ಚೀಲದಲ್ಲೇನಿದೆ, ಆಲೂಗಡ್ಡೆನಾ?"

ಮುದುಕಿ ಬೆಚ್ಚಲೂ ಇಲ್ಲ. "ಕಲ್ಲು ಕಣೇ. ಒಂದು ಸಲಕ್ಕೆ ಎರಡೇ ಹೊರೋಕಾಗೋದು ನನ್ನ ಕೈಲಿ."

"ನಿಮ್ಮ ಅಣ್ಣನ ಮಗನ ಅಂಗಡಿಗಾ?"

"ಅವನಿಗ್ಯಾಕೆ ಇದು? ಅವನು ಚೀನಾದಿಂದ ತರಿಸ್ತಾನೆ."

ಡೀಲಿಯಾ ಮಂಡಿಯೂರಿ, ಕಲ್ಲನ್ನು ಹುಲ್ಲಿನ ಮೇಲಿಟ್ಟು ಅಂಗೈಯಿಂದ ಒತ್ತಿದಳು. ಆಗ ಅಟ್ರಾಕ್ಟಾಳಿಗೆ ಕಂಡಿತು: ತಾನು ಬೋಳಿಸಿದ್ದ ಮೂಲೆಯಲ್ಲಿ ಕಲ್ಲುಗಳು ಮತ್ತೆ ಸಾಲಾಗಿ ಕೂತಿದ್ದವು.

"ನನ್ನ ಮಗು ಇಲ್ಲಿದೆ," ಎಂದಳು ಡೀಲಿಯಾ. "ಹುಟ್ತಾನೇ ಉಸಿರಿರಲಿಲ್ಲ. ಜ್ಞಾನಸ್ನಾನ ಆಗದೇ ಇರೋ ಮಗುಗೆ ಊರ ಗೋರಿಗಳ ಜೊತೆ ಜಾಗ ಇಲ್ಲ ಅಂದ್ರು ಪಾದ್ರಿ. ನಮ್ಮವರು ಪೆಟ್ಟಿಗೇಲಿಟ್ಟು, ಕೋಟಿನೊಳಗೆ ಮುಚ್ಕೊಂಡು ತಂದು ಹೂತ್ರು. ಗುರುತಿಗೆ ಒಂದು ಬಿಳಿ ಕಲ್ಲಿಟ್ಟಿದೀನಿ ಅಂದ್ರು."

"ಹಾಗಾದ್ರೆ ಈ ಕಲ್ಲೆಲ್ಲ..."

"ಒಂದೊಂದೂ ಯಾರದ್ದೋ ಮಗು."

 ಅಟ್ರಾಕ್ಟಾ ಪಕ್ಕದ ಗಾಲ್ವೇ ಸೀಮೆಯಿಂದ ಮದುವೆಯಾಗಿ ಬಂದು ಈ ಊರಲ್ಲೇ ಮುದುಕಿಯಾಗಿದ್ದಳು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ್ದಳು. ಒಬ್ಬರೂ ಹೇಳಿರಲಿಲ್ಲ.

"ಕೋಲ್ಮನ್‌ಗೆ ಗೊತ್ತಿತ್ತಾ?"

"ಅವನ ಇಬ್ಬರು ತಂಗೀರು ಇಲ್ಲೇ ಇದಾರೆ."

"ಮತ್ತೆ ನಾನು ಕೀಳ್ತಿದ್ರೆ ಬಾಯಿ ಮುಚ್ಕೊಂಡು ಕಾರಲ್ಲಿ ಕೂತಿದ್ರಲ್ಲ! ಒಂದು ಮಾತು ಹೇಳಬಾರದಿತ್ತಾ?" ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಹೇಳಬೇಡಿ ಅಂತಲೇ ಬೆಳೆಸಿದ್ರು ನಮ್ಮನ್ನ. ಬಾಯಿ ಅಭ್ಯಾಸ ತಪ್ಪೋಗಿದೆ." ಡೀಲಿಯಾ ಎರಡನೆಯ ಕಲ್ಲನ್ನಿಟ್ಟಳು. "ನಾನೇನು ಕಮ್ಮಿ? ತೋರಿಸ್ತೀನಿ ಬಾ ಅಂತ ನಮ್ಮವರು ಪ್ರತಿವರ್ಷ ಕರೀತಿದ್ರು. ಆಗಲ್ಲ ಅಂತಿದ್ದೆ. ಅವರು ಹೋದ್ಮೇಲೆ ಧೈರ್ಯ ಮಾಡಿ ಬಂದೆ. ಬಂದ್ರೆ ಮೂಲೆ ಬೋಳು. ರಾಶೀಲಿ ಒಂದೇ ಒಂದು ಬಿಳಿ ಕಲ್ಲಿಲ್ಲ."

ಇರುವುದಾದರೂ ಹೇಗೆ? ಬಿಳಿ ಕಲ್ಲು ಹಳೇ ಗೋಡೆಯ ಮುಖಕ್ಕೆ ಒಪ್ಪುವುದಿಲ್ಲ ಎಂದು ಆರಿಸಿ ಆರಿಸಿ ಗೋಡೆಯ ಹೊಟ್ಟೆಯೊಳಗೆ ತುರುಕಿದವಳು ಅಟ್ರಾಕ್ಟಾಳೇ. ಒಂದು ಕಲ್ಲನ್ನೂ ಹೊರಗಿಂದ ತರಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

ಅವಳು ಗೋಡೆಯ ಹತ್ತಿರ ಹೋಗಿ ಹೊಸದಾಗಿ ಕಟ್ಟಿದ ಕಡೆ ಹೊದಿಸಿದ್ದ ಹಸಿ ಗೋಣಿ ಸರಿಸಿದಳು. ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುವಂಥದ್ದು, ಇನ್ನೂ ಉಗುರು ಇಳಿಯುತ್ತಿತ್ತು. ಅಲ್ಲೇ ಇಟ್ಟಿದ್ದ ಕರಣೆ ಹಾಕಿ ಮೀಟಿದಳು. ಮುಖದ ಕಲ್ಲುಗಳು ಕಾಲ ಬಳಿ ಬಿದ್ದವು.

"ಗೋಡೆ ಹೋಗತ್ತೆ ಕಣೇ," ಅಂದಳು ಡೀಲಿಯಾ.

"ಹೋಗ್ಲಿ ಬಿಡಿ."

ಒಳಗಿಂದ ಮೊದಲ ಬಿಳಿ ಕಲ್ಲು ಬಂತು. ಅಟ್ರಾಕ್ಟಾ ಅದನ್ನು ತನ್ನ ಸ್ಕರ್ಟಿಗೆ ಒರೆಸಿ ಕೊಟ್ಟಳು. "ಇದಾ?"

ಮುದುಕಿ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. "ನಂಗೇನು ಗೊತ್ತು? ನಾನೆಲ್ಲಿ ನೋಡಿದ್ದೆ?"

ಇನ್ನೊಂದು ಬಂತು, ಅದೂ ಬಿಳಿ. ಮತ್ತೊಂದೂ ಬಿಳಿ. ಹೆಂಡತಿಗೆ ಗುರುತು ಸಿಗಲಿ ಎಂದು ಬಿಳಿ ಕಲ್ಲು ಹುಡುಕಿ ತಂದ ಗಂಡಸು ಈ ಊರಿನಲ್ಲಿ ಡೀಲಿಯಾಳ ಗಂಡನೊಬ್ಬನೇ ಆಗಿರಲಿಲ್ಲ. ಡೀಲಿಯಾ ಒಂದೊಂದನ್ನೂ ಎರಡು ಕೈಯಲ್ಲಿ ತೆಗೆದುಕೊಂಡಳು, ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಮೂಲೆಗೆ ಒಯ್ದು ಮಲಗಿಸಿ ಬಂದಳು. ಬಂದವಳು ಮತ್ತೆ ಕೈಯೊಡ್ಡುತ್ತಿದ್ದಳು. ಸುಣ್ಣಕ್ಕೆ ಅಟ್ರಾಕ್ಟಾಳ ಬೆರಳು ಉರಿಯುತ್ತಿತ್ತು. ಅವಳು ಗೋಡೆಯೊಳಗೆ ಇನ್ನಷ್ಟು ಆಳಕ್ಕೆ ಕೈ ಹಾಕಿದಳು.